ಉಬ್ಬದ ಅಪ್ಪದ ರಾತ್ರಿ

ಮಧ್ಯಾಹ್ನದ ಮೂರು ಗಂಟೆ. ಚಾರ್ಮಾಡಿ ಘಾಟಿಯ ಬುಡದಲ್ಲಿ ಬಸ್ಸಿಳಿದು, ಕೆಂಪು ಮಣ್ಣಿನ ಏರುದಾರಿ ಹತ್ತಿ ಬೆವರಿದ್ದೀರಿ. ಎರಡೂ ಬದಿಗೆ ರಬ್ಬರ್ ತೋಟ. ಚಳಿಗಾಲದ ಕೊನೆಗೆ ಎಲೆ ಉದುರಿಸಿ ಬೋಳಾಗಿದ್ದ ಮರಗಳು ಈಗ ಎಳೆಹಸಿರು ಹೊತ್ತು ನಿಂತಿವೆ. ಹೊಗೆಗೂಡಿನಿಂದ ಬರುವ ರಬ್ಬರ್ ಶೀಟಿನ ಹುಳಿವಾಸನೆಗೆ ನಿಮ್ಮ ಮೂಗು ಇನ್ನೂ ಒಗ್ಗಿಲ್ಲ. ಹಂಚಿನ ಮನೆಯ ಅಂಗಳ ದಾಟಿ ಹಿಂಬಾಗಿಲಿಗೆ ಬಂದರೆ ಆ ವಾಸನೆ ಮಾಯ. ಅಲ್ಲಿರುವುದು ಹೆರೆದ ತೆಂಗಿನಕಾಯಿ, ಬಿಡಿಸಿದ ಬೆಳ್ಳುಳ್ಳಿ, ಆಗಷ್ಟೇ ಹುರಿದ ಅಕ್ಕಿಹಿಟ್ಟಿನ ಬಿಸಿ ಪರಿಮಳ.

ನಿಮ್ಮನ್ನು ಕರೆದದ್ದು ಈ ಮನೆಯ ಸೊಸೆ, ನಿಮ್ಮ ಜೊತೆಗೇ ಶಾಲೆಯಲ್ಲಿ ಪಾಠ ಮಾಡುವ ಟೀಚರು. ಆದರೆ ಇವತ್ತು ಅಡುಗೆಮನೆಯ ಯಜಮಾನಿಕೆ ಅವರದ್ದಲ್ಲ, ಹೆರೆಮಣೆಯ ಮೇಲೆ ಕುಳಿತಿರುವ ಅಮ್ಮಚ್ಚಿಯದು. ಎಂಬತ್ತು ದಾಟಿದ ಜೀವ. ಚಟ್ಟ ಎನ್ನುವ ಬಿಳಿ ಮೇಲಂಗಿ, ಬಿಳಿ ಮುಂಡು, ಬೆನ್ನ ಹಿಂದೆ ಮಡಿಕೆ ಮಡಿಕೆಯಾಗಿ ಇಳಿಬಿಟ್ಟ ನೆರಿಗೆ. ಈ ಉಡುಪು ಅವರ ಸೊಸೆಯಂದಿರ ಕಾಲಕ್ಕೇ ನಿಂತುಹೋಗಿದೆ. ಅವರು ತಲೆಯೆತ್ತಿ ನಿಮ್ಮನ್ನೊಮ್ಮೆ ನೋಡುತ್ತಾರೆ.

“ಕೈಕಾಲು ತೊಳೆದು ಬನ್ನಿ ಮಕ್ಕಳೇ. ಸುಮ್ಮನೆ ನಿಂತು ನೋಡುವವರಿಗೆ ಇವತ್ತು ಒಳಗೆ ಜಾಗ ಇಲ್ಲ.”

ಸಣ್ಣ ಈರುಳ್ಳಿಯ ಬುಟ್ಟಿ ನಿಮ್ಮ ಮುಂದೆ ಬರುತ್ತದೆ. ಸುಲಿಯಲು ಕೂರುತ್ತೀರಿ. ಕಣ್ಣು ಉರಿಯುತ್ತದೆ.

ಇವತ್ತು ಪೆಸಹಾ ಗುರುವಾರ, 2026ರ ಏಪ್ರಿಲ್ 2. ಬರುವ ಭಾನುವಾರ ಈಸ್ಟರ್. ಏಸುಕ್ರಿಸ್ತ ಶಿಷ್ಯರ ಜೊತೆ ಕೊನೆಯ ಊಟ ಮಾಡಿದ ದಿನ ಇದು. ಆ ಊಟ ಯಹೂದಿಗಳ ಪಾಸ್ಕ ಹಬ್ಬದ ಊಟವಾಗಿತ್ತು ಎಂದು ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳು ಹೇಳುತ್ತವೆ. ಬೆಳಿಗ್ಗೆ ಇಗರ್ಜಿಯಲ್ಲಿ ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆದದ್ದಾಯಿತು. ಜಗತ್ತಿನ ಹೆಚ್ಚಿನ ಕ್ರೈಸ್ತರಿಗೆ ಗುರುವಾರದ ಆಚರಣೆ ಇಗರ್ಜಿಯಲ್ಲೇ ಮುಗಿಯುತ್ತದೆ. ಇಲ್ಲಿಂದ ಎರಡು ಗಂಟೆಯ ದಾರಿಯಲ್ಲಿರುವ ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲೂ ರಾತ್ರಿಗೆಂದು ಇಂಥದ್ದೊಂದು ಮನೆಯ ವಿಧಿ ಇಲ್ಲ. ಈ ಮನೆಯಲ್ಲಿ ಮಾತ್ರ ದಿನದ ಮುಖ್ಯ ಕೆಲಸ ಇನ್ನೂ ಬಾಕಿ ಇದೆ, ಅದು ಹೆರೆಮಣೆಯಿಂದ ಶುರುವಾಗುತ್ತದೆ.

ಇವರು ಸಿರಿಯನ್ ಕ್ರೈಸ್ತರು. ಮೂಲ ಊರು ಕೇರಳದ ಕೋಟ್ಟಯಂ ಜಿಲ್ಲೆಯ ಪಾಲಾ ಕಡೆ. ಕಳೆದ ಶತಮಾನದ ನಡುಭಾಗದಲ್ಲಿ ನೆಲ ಹುಡುಕುತ್ತ ಘಟ್ಟದ ತಪ್ಪಲಿಗೆ ಬಂದು ಕಾಡು ಕಡಿದು, ಮರಗೆಣಸು ಊರಿ, ಆಮೇಲೆ ರಬ್ಬರ್ ನೆಟ್ಟ ಸಂಸಾರಗಳು. ಬೆಳ್ತಂಗಡಿ, ಪುತ್ತೂರು, ಕಡಬ, ಘಟ್ಟದ ಮೇಲೆ ನರಸಿಂಹರಾಜಪುರದವರೆಗೂ ಇಂಥ ಮನೆಗಳು ಸಿಗುತ್ತವೆ. ಬೆಳ್ತಂಗಡಿಗೆ ಇವರ ಸಿರೋ ಮಲಬಾರ್ ಸಭೆಯ ಧರ್ಮಪ್ರಾಂತ್ಯ ಆದದ್ದು 1999ರಲ್ಲಿ. ಅಮ್ಮಚ್ಚಿ ಮದುವೆಯಾಗಿ ಈ ಗುಡ್ಡಕ್ಕೆ ಬಂದಾಗ ಧರ್ಮಪ್ರಾಂತ್ಯ ಹಾಗಿರಲಿ, ಹತ್ತಿರದಲ್ಲಿ ಇಗರ್ಜಿಯೇ ಇರಲಿಲ್ಲ.

“ಮುಳಿಹುಲ್ಲಿನ ಗುಡಿಸಲು. ಆನೆ ಬರುತ್ತಿತ್ತು. ಆದರೂ ಮೊದಲನೇ ವರ್ಷವೇ ಪೆಸಹಾ ಮಾಡಿದೆವು” ಎನ್ನುತ್ತಾರೆ, ಕಾಯಿ ಹೆರೆಯುವುದು ನಿಲ್ಲಿಸದೆ.

ಬೆಳ್ತಿಗೆ ಅಕ್ಕಿಯ ಹಿಟ್ಟನ್ನು ಬಣ್ಣ ಬದಲಾಗದ ಹಾಗೆ ಹುರಿದಿಟ್ಟಿದ್ದಾರೆ. ನೆನೆದ ಉದ್ದಿನಬೇಳೆ ಗ್ರೈಂಡರಿಗೆ ಬೀಳುತ್ತದೆ. ಅದು ನುಣ್ಣಗಾದ ಮೇಲೆ ತೆಂಗಿನತುರಿ, ನೀವು ಸುಲಿದ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಿಟಿಕೆ ಜೀರಿಗೆ. ಎಲ್ಲವನ್ನೂ ಅಕ್ಕಿಹಿಟ್ಟಿಗೆ ಸೇರಿಸಿ, ಉಪ್ಪು ಹಾಕಿ, ಅಮ್ಮಚ್ಚಿಯೇ ಕೈಯಾಡಿಸುತ್ತಾರೆ. ಹಿಟ್ಟು ಇಡ್ಲಿಯ ಹಿಟ್ಟಿಗಿಂತ ತುಸು ಗಟ್ಟಿ. ಇಲ್ಲಿಯವರೆಗೆ ನಿಮಗೆ ಎಲ್ಲವೂ ಪರಿಚಿತ. ಅಕ್ಕಿ, ಉದ್ದು ರುಬ್ಬಿದ ಮೇಲೆ ಏನು ಮಾಡಬೇಕು ಎಂದು ಕನ್ನಡನಾಡಿನ ಯಾವ ಅಡುಗೆಮನೆಯೂ ಕಣ್ಣುಮುಚ್ಚಿ ಹೇಳುತ್ತದೆ: ಮುಚ್ಚಿಡಬೇಕು, ಬೆಳಿಗ್ಗೆ ನೋಡಬೇಕು.

ಇಲ್ಲಿ ಮುಚ್ಚಿಡುವಂತಿಲ್ಲ. ಏಪ್ರಿಲ್ ತಿಂಗಳ ಕರಾವಳಿಯ ಸೆಕೆಯಲ್ಲಿ ಉದ್ದು ಸೇರಿದ ಹಿಟ್ಟಿಗೆ ಹುಳಿ ಬರಲು ರಾತ್ರಿಯಿಡೀ ಬೇಕಾಗಿಲ್ಲ. ಸೊಸೆ ಆಗಲೇ ಒಲೆಯ ಮೇಲೆ ಅಪ್ಪಚೆಂಬು ಇಟ್ಟು ನೀರು ಕಾಯಿಸಿದ್ದಾರೆ. ಬಾಡಿಸಿದ ಬಾಳೆಎಲೆ ಹಾಸಿದ ತಟ್ಟೆಗಳು ಸಾಲಾಗಿ ಸಿದ್ಧ. ಮನೆಯೊಳಗೆ ಇದ್ದಕ್ಕಿದ್ದ ಹಾಗೆ ಅವಸರ ಹುಟ್ಟಿಕೊಳ್ಳುತ್ತದೆ. ಯಾರೂ ಕೂಗಾಡುವುದಿಲ್ಲ, ಆದರೆ ಎಲ್ಲರ ಕೈಯೂ ಬಿರುಸಾಗಿದೆ.

ಮೊಮ್ಮಗ ಬಾಗಿಲಲ್ಲಿ ನಿಂತು ಕೇಳುತ್ತಾನೆ: “ಅಮ್ಮಚ್ಚಿ, ಇದನ್ನು ಯಾಕೆ ಉಬ್ಬಿಸುವುದಿಲ್ಲ?”

ಅವನಿಗೆ ಏಳೋ ಎಂಟೋ ವರ್ಷ. ಮನೆಯಲ್ಲಿ ಅತ್ಯಂತ ಚಿಕ್ಕವನು. ನಿನ್ನೆ ಸಂಜೆ ಜೆರುಸಲೇಮಿನಲ್ಲಿ, ನ್ಯೂಯಾರ್ಕಿನಲ್ಲಿ, ಯಹೂದಿಗಳಿರುವ ಎಲ್ಲ ಕಡೆ ಪಾಸ್ಕದ ಊಟ ಶುರುವಾದದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆಯಿಂದ. ಅಲ್ಲಿ ಮನೆಯ ಕಿರಿಯ ಮಗು ನಾಲ್ಕು ಪ್ರಶ್ನೆ ಕೇಳಬೇಕು, ಅದು ವಿಧಿಯ ಭಾಗ: ಬೇರೆ ರಾತ್ರಿಗಳಿಗೆ ಇಲ್ಲದ್ದು ಈ ರಾತ್ರಿಗೆ ಏನು, ಹುಳಿಯಿಲ್ಲದ ರೊಟ್ಟಿ ಯಾಕೆ, ಕಹಿ ಸೊಪ್ಪು ಯಾಕೆ. ಈ ಅಡುಗೆಮನೆಯಲ್ಲಿ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ. ಉದ್ದಿನ ಹಿಟ್ಟನ್ನು ತಕ್ಷಣ ಬೇಯಿಸುವುದು ವಿಚಿತ್ರವಾಗಿ ಕಂಡಿದೆ, ಕೇಳಿದ್ದಾನೆ.

“ಓಡಿಹೋಗುವವರು ಹಿಟ್ಟು ಉಬ್ಬಲಿ ಎಂದು ಕಾಯುತ್ತಾರಾ?” ಎಂದು ಅಮ್ಮಚ್ಚಿ ಕೇಳುತ್ತಾರೆ. ಅಷ್ಟರಲ್ಲೇ ಇಡೀ ವಿಮೋಚನಕಾಂಡ ಬಂದುಬಿಟ್ಟಿತು. ಈಜಿಪ್ಟಿನ ಗುಲಾಮಗಿರಿಯಿಂದ ಇಸ್ರೇಲರು ರಾತ್ರೋರಾತ್ರಿ ಹೊರಟ ಕಥೆ ಅದು. ಬಾಗಿಲ ನಿಲುವಿಗೆ ಕುರಿಮರಿಯ ರಕ್ತ ಹಚ್ಚಿ, ಮಾಂಸವನ್ನು ಬೆಂಕಿಯಲ್ಲಿ ಸುಟ್ಟು, ನಡುಕಟ್ಟಿ, ಕೆರ ಮೆಟ್ಟಿ, ಕೋಲು ಹಿಡಿದು, ಅವಸರದಲ್ಲಿ ತಿಂದರು. ಹಿಟ್ಟಿಗೆ ಹುಳಿ ಬರುವಷ್ಟು ಸಮಯ ಇರಲಿಲ್ಲ. ಆ ಅವಸರವನ್ನು ಯಹೂದಿಗಳು ಇವತ್ತಿಗೂ ಗಡಿಯಾರ ಹಿಡಿದು ಪಾಲಿಸುತ್ತಾರೆ. ಗೋಧಿಹಿಟ್ಟಿಗೆ ನೀರು ತಾಗಿದ 18 ನಿಮಿಷದೊಳಗೆ ಮಾತ್ಸಾ ರೊಟ್ಟಿ ಬೆಂದಿರಬೇಕು.

ಶಾಸ್ತ್ರದ ಮಾತು ತೆಗೆದರೆ ಇಲ್ಲೊಂದು ತಮಾಷೆಯಿದೆ. ಯಹೂದಿ ಧರ್ಮಶಾಸ್ತ್ರದ ಪ್ರಕಾರ ಹುಳಿ ಹಿಡಿಯುವ ದೋಷ ಇರುವುದು ಗೋಧಿ, ಬಾರ್ಲಿ ಮೊದಲಾದ ಐದು ಧಾನ್ಯಗಳಿಗೆ. ಅಕ್ಕಿ ಆ ಪಟ್ಟಿಯಲ್ಲಿಲ್ಲ. ಯುರೋಪಿನ ಅಷ್ಕೆನಾಜಿ ಯಹೂದಿಗಳು ಹಬ್ಬದಲ್ಲಿ ಅಕ್ಕಿಯನ್ನೂ ದೂರವಿಟ್ಟರು, ಬೇರೆ ಹಲವರು ಇಡಲಿಲ್ಲ. ಹಾಗಾದರೆ ಅಕ್ಕಿಯ ಅಪ್ಪಕ್ಕೆ ಇಷ್ಟೊಂದು ಧಾವಂತ ಬೇಕೇ ಎಂದು ಪಂಡಿತರು ವಾದಿಸಬಹುದು. ಅಮ್ಮಚ್ಚಿಗೆ ಆ ವಾದ ಬೇಡ. ಉದ್ದು ಬಿದ್ದ ಹಿಟ್ಟು ಉಬ್ಬುತ್ತದೆ, ಅದನ್ನು ಅವರು ಎಪ್ಪತ್ತು ವರ್ಷದಿಂದ ಕಣ್ಣಾರೆ ನೋಡಿದ್ದಾರೆ. ಈ ವಿಷಯದಲ್ಲಿ ನಾನು ಅಮ್ಮಚ್ಚಿಯ ಪಕ್ಷ.

ಒಂದು ತಟ್ಟೆಯನ್ನು ಅವರು ಬೇರೆ ಇಟ್ಟುಕೊಂಡಿದ್ದಾರೆ. ಹಿಟ್ಟು ಹೊಯ್ದ ಮೇಲೆ ಸೊಸೆ ಒಳಗಿನಿಂದ ತೆಂಗಿನ ಎಳೆಗರಿಯೊಂದನ್ನು ತರುತ್ತಾರೆ. ಕಳೆದ ಭಾನುವಾರ, ಓಶಾನದ ದಿನ, ಇಗರ್ಜಿಯಲ್ಲಿ ಮಂತ್ರಿಸಿ ಕೊಟ್ಟ ಗರಿ, ದೇವರ ಪಟದ ಹಿಂದೆ ಸಿಕ್ಕಿಸಿಟ್ಟದ್ದು. ಅದನ್ನು ಸೀಳಿ ಸಣ್ಣ ಶಿಲುಬೆ ಮಾಡಿ ಹಿಟ್ಟಿನ ನಡುವೆ ಮಲಗಿಸುತ್ತಾರೆ. ಇದೇ ಪೆಸಹಾ ಅಪ್ಪ. ಕೆಲವರು ಕುರಿಶಪ್ಪ ಎನ್ನುತ್ತಾರೆ, ಕೆಲವರು ಇಂಡ್ರಿಯಪ್ಪ. ಉಳಿದ ತಟ್ಟೆಗಳಿಗೆ ಶಿಲುಬೆಯಿಲ್ಲ. ಮುಚ್ಚಳ ಬೀಳುತ್ತದೆ, ಹಬೆ ಏಳುತ್ತದೆ, ಮಾತು ಕಡಿಮೆಯಾಗುತ್ತದೆ.

ಇನ್ನೊಂದು ಒಲೆಯಲ್ಲಿ ಪಾಲು, ಮಲಯಾಳದಲ್ಲಿ ಹಾಲು ಎಂದರ್ಥ. ಕಪ್ಪು ಬೆಲ್ಲ ಕರಗಿಸಿ ಸೋಸಿ, ತೆಂಗಿನಕಾಯಿಯ ನೀರುಹಾಲಿಗೆ ಹಾಕಿ, ಸ್ವಲ್ಪ ಅಕ್ಕಿಹಿಟ್ಟು ಕದಡಿ ಕುದಿಸುತ್ತಾರೆ. ಕೈಬಿಡದೆ ತಿರುವುವ ಕೆಲಸ ಈಗ ನಿಮ್ಮದು. ಏಲಕ್ಕಿ, ಒಣಶುಂಠಿ, ಜೀರಿಗೆಯ ಪುಡಿ ಬೀಳುತ್ತದೆ. ಕೊನೆಗೆ ದಪ್ಪಹಾಲು ಹೊಯ್ದು, ಅದು ಒಡೆಯುವ ಮೊದಲೇ ಇಳಿಸಬೇಕು. ಒತ್ತುಶ್ಯಾವಿಗೆಯ ಜೊತೆ ಕರಾವಳಿಯವರು ಬಡಿಸುವ ಕಾಯಿಹಾಲಿನ ದಪ್ಪಗಿನ ತಂಗಿ ಇದು. ಹಸುವಿನ ಹಾಲಿಗೆ ಇಲ್ಲಿ ಪ್ರವೇಶವಿಲ್ಲ. ವಿಭೂತಿ ಸೋಮವಾರದಿಂದ ನಡೆಯುತ್ತಿರುವ ದೊಡ್ಡ ನೋಂಬಿನಲ್ಲಿ ಮಾಂಸ, ಮೀನು, ಮೊಟ್ಟೆಯ ಜೊತೆ ಹಾಲನ್ನೂ ಬಿಡುವುದು ಹಳೆಯ ಪದ್ಧತಿ. ಅಮ್ಮಚ್ಚಿ ಬಿಟ್ಟಿದ್ದಾರೆ. ಮಗ ಚಹಾಕ್ಕೆ ಹಾಲು ಹಾಕಿಸಿಕೊಳ್ಳುತ್ತಾನೆ, ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ.

ಸಂಜೆ ಆರೂವರೆಗೆ ಸೊಸೆ ಒಂದು ಬುಟ್ಟಿಯಲ್ಲಿ ಬಾಳೆಎಲೆ ಮುಚ್ಚಿದ ಅಪ್ಪ, ಒಂದು ತೂಕುಪಾತ್ರೆಯಲ್ಲಿ ಪಾಲು ಹಿಡಿದು ಹೊರಡುತ್ತಾರೆ. “ಬರ್ತೀರಾ?” ಎನ್ನುತ್ತಾರೆ. ಮುರಕಲ್ಲಿನ ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋಗುತ್ತೀರಿ. ಕಳೆದ ಮಳೆಗಾಲದಲ್ಲಿ ಆ ಮನೆಯ ಹಿರಿಯರು ತೀರಿಕೊಂಡರು. ಸಾವಾದ ಮನೆಯಲ್ಲಿ ಆ ವರ್ಷ ಪೆಸಹಾ ಅಪ್ಪ ಮಾಡುವುದಿಲ್ಲ. ಮಾಡುವುದಿಲ್ಲ ಎಂದರೆ ತಿನ್ನುವುದಿಲ್ಲ ಎಂದಲ್ಲ. ನೆಂಟರೋ ನೆರೆಯವರೋ ಒಯ್ದು ಕೊಡಬೇಕು. ನೀವು ಹೋಗುವ ಹೊತ್ತಿಗೆ ಅಲ್ಲಿನ ಜಗಲಿಯಲ್ಲಿ ಆಗಲೇ ಮೂರು ಪಾತ್ರೆಗಳು ಬಂದು ಕೂತಿವೆ. ವಿಧವೆ ಹೊರಗೆ ಬಂದು ಬುಟ್ಟಿ ತೆಗೆದುಕೊಳ್ಳುತ್ತಾರೆ. “ಇಷ್ಟೊಂದು ಯಾಕೆ ತಂದೆ ಮೋಳೆ, ಇಬ್ಬರೇ ಇರುವುದು” ಎನ್ನುತ್ತಾರೆ. ಖಾಲಿ ಪಾತ್ರೆ ತಿರುಗಿ ಕೊಡುವುದಿಲ್ಲ, ಅದು ನಾಳೆ ಬರುತ್ತದೆ. ಯಾರೂ ಸತ್ತವರ ಹೆಸರೆತ್ತುವುದಿಲ್ಲ. ಸಂತಾಪ ಹೇಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ.

ಇಳಿಯುವಾಗ ಘಟ್ಟದ ಬೆನ್ನಿನಿಂದ ಚಂದ್ರ ಮೇಲೆ ಬರುತ್ತಾನೆ, ಪೂರ್ತಿ ದುಂಡಗೆ. ಇವತ್ತು ಚೈತ್ರದ ಹುಣ್ಣಿಮೆ. ವಸಂತದ ವಿಷುವದ ನಂತರದ ಹುಣ್ಣಿಮೆ, ಅದರ ನಂತರದ ಭಾನುವಾರ ಈಸ್ಟರ್ ಎಂಬುದು ಲೆಕ್ಕ. ಯಹೂದಿಗಳ ಪಾಸ್ಕವೂ ಹುಣ್ಣಿಮೆಯ ಹಬ್ಬವೇ. ಹಾಗಾಗಿ ಪೆಸಹಾದ ರಾತ್ರಿ ಎಷ್ಟೇ ಹಿಂದುಮುಂದಾದರೂ ಚಂದ್ರ ದೊಡ್ಡವನಾಗಿಯೇ ಇರುತ್ತಾನೆ. ಟಾರ್ಚ್ ಬೇಕಾಗುವುದಿಲ್ಲ.

ಏಳೂವರೆ. ನಡುಮನೆಯಲ್ಲಿ ಚಾಪೆ ಹಾಸಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿದ್ದಾರೆ. ತಿರುಹೃದಯದ ಪಟದ ಮುಂದೆ ಎರಡು ಮೇಣದಬತ್ತಿ. ಶಿಲುಬೆಯ ಅಪ್ಪ ಒಂದು ತಟ್ಟೆಯಲ್ಲಿ, ಪಾಲು ಒಂದು ಬಟ್ಟಲಲ್ಲಿ. ಮಂಗಳೂರಿನಿಂದ ಮಗ ಬಂದಿದ್ದಾನೆ, ಬೆಂಗಳೂರಿನಿಂದ ಮಗಳು, ಅಳಿಯ. ಪೆಸಹಾಕ್ಕೆ ಮನೆ ಮುಟ್ಟದಿದ್ದರೆ ವರ್ಷಪೂರ್ತಿ ಅದರ ಮಾತು ಕೇಳಬೇಕಾಗುತ್ತದೆ. ಎಲ್ಲರೂ ಮೊಣಕಾಲೂರುತ್ತಾರೆ. ನಿಮಗೆ ಗೋಡೆಯ ಪಕ್ಕ ಒಂದು ಕುರ್ಚಿ ಕೊಟ್ಟಿದ್ದಾರೆ. ಪ್ರಾರ್ಥನೆ ಮಲಯಾಳದಲ್ಲಿ. ದೊಡ್ಡ ಮೊಮ್ಮಗಳು ಮುಂದೆ ಕುಳಿತು ನೋಟ್‌ಬುಕ್ ನೋಡಿ ಹೇಳುತ್ತಾಳೆ. ಬಗ್ಗಿ ನೋಡಿದರೆ ಆ ಮಲಯಾಳ ಬರೆದಿರುವುದು ಕನ್ನಡ ಲಿಪಿಯಲ್ಲಿ. ಮೂರನೇ ತಲೆಮಾರಿಗೆ ಅಜ್ಜಿಯ ಅಕ್ಷರ ಬಾರದು, ಅಜ್ಜಿಯ ಮಾತು ಬರುತ್ತದೆ.

ವಿಮೋಚನಕಾಂಡದ ಹನ್ನೆರಡನೇ ಅಧ್ಯಾಯದಿಂದ ಒಂದು ಭಾಗ ಓದುತ್ತಾರೆ, ಸುವಾರ್ತೆಯಿಂದ ಒಂದು ಭಾಗ. ಆಮೇಲೆ ಅಮ್ಮಚ್ಚಿಯ ಗಂಡ, ಅಪ್ಪಚ್ಚನ್ ಏಳುತ್ತಾರೆ. ಕೈ ತೊಳೆದು ಒರೆಸಿಕೊಂಡು, ಗರಿಯ ಶಿಲುಬೆಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಡುತ್ತಾರೆ. ಅಪ್ಪದ ಮೈಮೇಲೆ ಅದರ ಅಚ್ಚು ಉಳಿದಿದೆ. ಚಾಕು ಹಿಡಿದ ಕೈ ತುಸು ನಡುಗುತ್ತದೆ, ವಯಸ್ಸಿನದು. ತುಂಡು ಮಾಡಿ, ಪಾಲಿನಲ್ಲಿ ಅದ್ದಿ, ಮೊದಲು ಅಮ್ಮಚ್ಚಿಗೆ. ಆಮೇಲೆ ಮಗ, ಮಗಳು, ಸೊಸೆ, ಅಳಿಯ, ಹೀಗೆ ವಯಸ್ಸಿನ ಪ್ರಕಾರ. ಒಬ್ಬೊಬ್ಬರೂ ಎರಡೂ ಕೈ ಚಾಚಿ ತೆಗೆದುಕೊಂಡು ಅಲ್ಲೇ ತಿನ್ನುತ್ತಾರೆ. ಒಂದು ಚೂರೂ ನೆಲಕ್ಕೆ ಬೀಳಬಾರದು. ಕೊನೆಗೆ ಪ್ರಶ್ನೆ ಕೇಳಿದ ಹುಡುಗ, ತುಂಡು ದೊಡ್ಡದೇ ಸಿಕ್ಕಿದೆ.

ಇಡೀ ಹೊತ್ತು ಇಲ್ಲಿ ಪಾದ್ರಿಯಿಲ್ಲ ಎಂಬುದನ್ನು ಗಮನಿಸಿ. ಪೀಠವಿಲ್ಲ, ಗಂಟೆಯಿಲ್ಲ. ಮನೆಯ ಹಿರಿಯ ಹಂಚುತ್ತಾನೆ, ಮನೆಯ ಹೆಂಗಸು ಮಾಡಿರುತ್ತಾಳೆ. ಯಹೂದಿಗಳ ಪಾಸ್ಕವೂ ಹಾಗೆಯೇ ಮನೆಯ ಊಟ. ಸಂತ ತೋಮ ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದು ಅಲ್ಲಿನ ಯಹೂದಿಗಳ ನಡುವೆಯೇ ಮೊದಲು ಸಾರಿದ ಎಂಬುದು ಈ ಜನರ ನಂಬಿಕೆ, ಪೆಸಹಾ ಅಲ್ಲಿಂದಲೇ ಬಂದದ್ದು ಎಂದು ಹೇಳುತ್ತಾರೆ. 1599ರಲ್ಲಿ ಉದಯಂಪೇರೂರಿನಲ್ಲಿ ಪೋರ್ಚುಗೀಸರು ಸಭೆ ಸೇರಿಸಿ ಇವರ ಪೂಜಾವಿಧಿಯನ್ನು, ಗ್ರಂಥಗಳನ್ನು ತಮ್ಮ ಮೂಗಿನ ನೇರಕ್ಕೆ ತಿದ್ದಿದರು. ಇಗರ್ಜಿಯಲ್ಲಿದ್ದದ್ದು ಅವರ ಕೈಗೆ ಸಿಕ್ಕಿತು. ಒಲೆಯ ಮೇಲಿದ್ದದ್ದು ಸಿಗಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಮುಳಿಹುಲ್ಲಿನ ಗುಡಿಸಲಿನಲ್ಲಿ ಮೊದಲನೇ ವರ್ಷವೇ ಪೆಸಹಾ ಆಗಲು ಸಾಧ್ಯವಾದದ್ದೂ ಇದಕ್ಕೇ: ಒಂದು ಪಾತ್ರೆ, ಒಂದು ಕಾಯಿ, ಎರಡು ಸೇರು ಅಕ್ಕಿ ಸಾಕಿತ್ತು.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ಇವತ್ತಿಗೂ ಇದೆ, ಪ್ರವಾಸಿಗರು ಟಿಕೆಟ್ ಕೊಂಡು ನೋಡುತ್ತಾರೆ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಕೇರಳದ ಯಹೂದಿಗಳಲ್ಲಿ ಹೆಚ್ಚಿನವರು ಹೊರಟುಹೋದರು, ಉಳಿದವರು ಬೆರಳೆಣಿಕೆ. ಪಾಸ್ಕದ ಊಟ ಆ ಬೀದಿಯಿಂದ ಹೆಚ್ಚುಕಡಿಮೆ ಎದ್ದುಹೋಯಿತು. ಅದರ ನೆಂಟಸ್ತಿಕೆ ಹೇಳುವ ಊಟವೊಂದು ಅಲ್ಲಿಂದ ಇಷ್ಟು ದೂರ, ಕನ್ನಡ ತುಳು ಕೇಳುವ ಗುಡ್ಡದ ಮೇಲೆ, ನಿಮ್ಮ ಕಣ್ಣ ಮುಂದೆ ನಡೆಯುತ್ತಿದೆ.

ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು ಸ್ತುತಿ ಹೇಳುತ್ತಾರೆ. ಬಿಳಿ ಬಟ್ಟೆ ಮಡಿಸುತ್ತಾರೆ. ಕೆಳಗೆ ಹಾಸಿದ್ದ ಬಾಳೆಎಲೆ, ತಟ್ಟೆಯಲ್ಲಿ ಉಳಿದ ಚೂರುಗಳನ್ನು ಅಮ್ಮಚ್ಚಿ ಒಲೆಯ ಬೆಂಕಿಗೆ ಹಾಕುತ್ತಾರೆ. ಪಾಸ್ಕದ ಕುರಿಮರಿಯಲ್ಲಿ ಬೆಳಗಿನ ತನಕ ಏನನ್ನೂ ಉಳಿಸಬಾರದು, ಉಳಿದರೆ ಸುಡಬೇಕು ಎಂಬುದು ಹಳೆಯ ವಿಧಿ. ಅಮ್ಮಚ್ಚಿಯ ಕಾರಣ ಬೇರೆ: “ಕೋಳಿ ತಿಂದರೆ ಪಾಪ ಮಕ್ಕಳೇ.”

ಈಗ ನಿಮ್ಮ ಸರದಿ. ಶಿಲುಬೆಯಿಲ್ಲದ ಅಪ್ಪ, ದೊಡ್ಡ ಹೋಳು, ಬಟ್ಟಲು ತುಂಬ ಪಾಲು. ಬಿಸಿ ಆರಿದೆ. ಇಡ್ಲಿಯ ಮೆದುತನ ನಿರೀಕ್ಷಿಸಿದ ನಾಲಿಗೆಗೆ ಮೊದಲ ತುತ್ತು ಬಿಗಿ ಎನಿಸುತ್ತದೆ. ಹುಳಿ ಇಲ್ಲವೇ ಇಲ್ಲ. ಉಪ್ಪು, ಬೆಳ್ಳುಳ್ಳಿ, ಈರುಳ್ಳಿಯ ಖಾರ, ಅದರ ಮೇಲೆ ಬೆಲ್ಲದ ಪಾಲು. ಬೆಳ್ಳುಳ್ಳಿಗೂ ಬೆಲ್ಲಕ್ಕೂ ಏನು ಸಂಬಂಧ ಎಂದು ಕೇಳಬೇಕೆನ್ನಿಸುತ್ತದೆ. ಎರಡನೇ ತುತ್ತಿಗೆ ಅನ್ನಿಸುವುದಿಲ್ಲ. ಮೂರನೇ ಹೋಳನ್ನು ನೀವೇ ಕೇಳಿ ಹಾಕಿಸಿಕೊಳ್ಳುತ್ತೀರಿ.

ಶುಕ್ರವಾರ ಹೇಳಿಕೊಳ್ಳುವಂಥ ಅಡುಗೆಯಿಲ್ಲ. ಶಿಲುಬೆ ಹೊತ್ತು ಬಿಸಿಲಲ್ಲಿ ಗುಡ್ಡ ಹತ್ತಿ ಇಳಿಯುತ್ತಾರೆ. ಇಗರ್ಜಿಯಲ್ಲಿ ಹಾಗಲಕಾಯಿಯ ಕಹಿನೀರು ಒಂದು ಗುಟುಕು ಕೊಡುತ್ತಾರೆ, ಶಿಲುಬೆಯ ಮೇಲಿದ್ದವನಿಗೆ ಹುಳಿಯ ದ್ರಾಕ್ಷಾರಸ ಕೊಟ್ಟ ನೆನಪಿಗೆ. ಮಕ್ಕಳು ಮುಖ ಕಿವುಚುತ್ತಾರೆ, ದೊಡ್ಡವರು ಕಿವುಚದೆ ನುಂಗುತ್ತಾರೆ. ಮನೆಯಲ್ಲಿ ಒಂದೇ ಹೊತ್ತು, ಗಂಜಿ ಮತ್ತು ಹೆಸರುಕಾಳು.

ಶನಿವಾರ ಸಂಜೆ ಮಾತ್ರ ಅಡುಗೆಮನೆಯ ಬಣ್ಣ ಬದಲಾಗುತ್ತದೆ. ಕೆಳಗಿನ ತೋಟದಲ್ಲಿ ಮರ ಹತ್ತುವ ಮೂರ್ತೆದಾರರು ಒಂದು ಬಾಟಲಿ ತಾಜಾ ಕಳ್ಳು ತಂದುಕೊಡುತ್ತಾರೆ. ಅಪ್ಪಚ್ಚನ್ ಅದನ್ನು ಆಸೆಯಿಂದ ನೋಡುತ್ತಾರೆ, ಅಮ್ಮಚ್ಚಿ ಅದನ್ನು ನೇರ ಅಕ್ಕಿ, ತೆಂಗಿನಕಾಯಿಯ ಹಿಟ್ಟಿಗೆ ಸುರಿಯುತ್ತಾರೆ. ಗುರುವಾರ ಹತ್ತಿರ ಸುಳಿಯಗೊಡದ ಹುಳಿಯನ್ನು ಶನಿವಾರ ಕರೆದು ಕೂರಿಸಿದ್ದಾಯಿತು. ಈಗ ಮುಚ್ಚಿಡಬಹುದು.

ಈಸ್ಟರಿನ ಪೂಜೆ ನಸುಕಿನ ಮೂರು ಗಂಟೆಗೆ. ಕದಿನೆ ಸಿಡಿಯುತ್ತದೆ, ಘಂಟೆ ಬಡಿಯುತ್ತದೆ, ನಿದ್ದೆಗಣ್ಣಿನ ಮಕ್ಕಳು ಮೇಣದಬತ್ತಿ ಹಿಡಿದು ತೂಗಾಡುತ್ತಾರೆ. ಮನೆಗೆ ಬಂದಾಗ ಹಿಟ್ಟು ಪಾತ್ರೆಯ ಬಾಯಿಗೆ ಬಂದಿದೆ. ಅಪ್ಪಚಟ್ಟಿಯಲ್ಲಿ ಒಂದು ಸೌಟು ಹೊಯ್ದು ಸುತ್ತ ತಿರುಗಿಸಿದರೆ ಅಂಚು ಗರಿಗರಿ, ನಡುವೆ ಉಬ್ಬಿದ ಬಿಳಿ ಹೊಟ್ಟೆ. ಕೋಟ್ಟಯಂ ಕಡೆಯಾದರೆ ಬಾತುಕೋಳಿ ಇರಬೇಕಿತ್ತು. ಇಲ್ಲಿ ನಾಟಿಕೋಳಿಯ ಸ್ಟ್ಯೂ, ತೆಂಗಿನಹಾಲಿನಲ್ಲಿ ಬೆಂದ ಆಲೂಗಡ್ಡೆ, ಕಾಳುಮೆಣಸು ಹಾಕಿ ಹುರಿದ ಹಂದಿ. ಅದೇ ಹೊತ್ತಿಗೆ ಮಂಗಳೂರಿನ ಮನೆಗಳಲ್ಲೂ ಸನ್ನ ಬೇಯುತ್ತಿರುತ್ತದೆ, ಜೊತೆಗೆ ಅಲ್ಲಿಯೂ ಹಂದಿ. ಭಾನುವಾರದ ಊಟದಲ್ಲಿ ಎರಡೂ ಕಡೆಯವರಿಗೆ ಜಗಳವಿಲ್ಲ. ಐವತ್ತು ದಿನ ಬಿಟ್ಟವರು ತಿನ್ನುವ ರಭಸ ನೋಡುವಂಥದ್ದು. ಹಾಲಿನ ಚಹಾ ಈಗ ಅಧಿಕೃತ.

ಇಂಥ ಮನೆಯವರು ಈಸ್ಟರ್ ಊಟಕ್ಕೆ ಕರೆದರೆ ನೀವು ಹೇಗೂ ಹೋಗುತ್ತೀರಿ. ಪೆಸಹಾಕ್ಕೆ ಕರೆದರೆ ಕಡ್ಡಾಯವಾಗಿ ಹೋಗಿ. ಮಧ್ಯಾಹ್ನವೇ ತಲುಪಿ, ಈರುಳ್ಳಿ ಸುಲಿಯಲು ತಯಾರಾಗಿರಿ. ಶಿಲುಬೆಯ ಅಪ್ಪ ಕೇಳಬೇಡಿ, ಅದು ಮನೆಯವರದ್ದು. ನಿಮ್ಮ ಪಾಲಿನದು ಅಡುಗೆಮನೆಯಲ್ಲಿ ಬೇರೆ ಇರುತ್ತದೆ, ಬೇಕಾದಷ್ಟು ಇರುತ್ತದೆ.